ಡಿಕ್ಕಿಗೆ ಎರಡು ಬಡಿತ

ನಮ್ಮ ಮಾವಶಿ ಕೆಲಸ ಬಿಟ್ಟು ತನ್ನ ಊರು ಮಹಾಗಾಂವಕ್ಕೆ ಹೋಗಿ ಇವತ್ತಿಗೆ ಮೂರು ವಾರವಾಯಿತು. ನಿನ್ನ ಬಗ್ಗೆ ಬರೆಯುತ್ತೇನೆ ಎಂದು ನಾನು ಹೇಳಿದಾಗ ಅವಳು ಟ್ರಂಕಿನ ಮೇಲೆ ಕೂತು ಮುಚ್ಚಳ ಒತ್ತುತ್ತಿದ್ದಳು. ತಲೆ ಎತ್ತದೆಯೇ ಅಂದಳು, “ಬರೀರಿ ಅಕ್ಕಾರ. ಹೆಸರು ಮಾತ್ರ ಹಾಕಬ್ಯಾಡ್ರಿ. ನಮ್ಮೂರಾಗ ಓದೋರು ಇಬ್ಬರ ಅದಾರ, ಇಬ್ಬರಿಗೂ ನನ್ನ ಕಂಡ್ರ ಆಗೂದಿಲ್ಲ.”

ಆದ್ದರಿಂದ ಹೆಸರಿಲ್ಲ. ಹೇಗೂ ನಮ್ಮ ಮನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಮಾವಶಿ ಎಂದರೆ ಮರಾಠಿಯಲ್ಲಿ ತಾಯಿಯ ತಂಗಿ. ಮೊಮ್ಮಗ ಅಭಿ ಹಾಗೆ ಕರೆಯಲು ಶುರು ಮಾಡಿದ, ಮಗ ಸೊಸೆ ಕರೆದರು, ಕಡೆಗೆ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವಳಾದ ನಾನೂ ಕರೆದೆ. ಹಾಲಿನವನು, ಪೇಪರಿನವನು, ಹೀಗೆ ಓಣಿಯ ನಾಯಿಗಳನ್ನು ಬಿಟ್ಟು ಉಳಿದವರೆಲ್ಲ ಅವಳ ಅಕ್ಕನ ಮಕ್ಕಳಾದರು.

ಗಿಡ್ಡ ಹೆಂಗಸು. ಹಣೆಗೆ ವಿಭೂತಿ, ಸೀರೆಯ ಮೇಲೆ ನನ್ನ ಮಗನ ಹಳೆಯ ಫುಲ್ ಸ್ಲೀವ್ ಶರ್ಟು. ಮಣಿಕಟ್ಟುಗಳು ಮಾತ್ರ ಗಂಡಸಿನವು. ನಮ್ಮಲ್ಲಿಗೆ ಬರುವ ಮೊದಲು ಅವಳು ಕೊರೋಚಿಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕಾಂಡಿ ತುಂಬುತ್ತಿದ್ದಳು. ಕಾಂಡಿ ಎಂದರೆ ಮಗ್ಗದ ಲಾಳಿಯೊಳಗೆ ಕೂಡಿಸುವ, ನೂಲು ಸುತ್ತಿದ ಬಣ್ಣದ ಸಣ್ಣ ಕೊಳವೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಶೆಡ್ಡಿನ ಧೂಳಿಗೆ ಕೆಮ್ಮು ಹತ್ತಿದ್ದರಿಂದ ಬೇರೆ ಕೆಲಸ ಹುಡುಕುತ್ತ, ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ಇಚಲಕರಂಜಿಯ ನಮ್ಮ ಮನೆಗೆ ಬಂದಳು. ಮೊದಲ ದಿನ ನಾನು ಕಾನ್ವೆಂಟಿನ ಮದರ್ ಥರ ಕುರ್ಚಿಯ ಮೇಲೆ ನೆಟ್ಟಗೆ ಕೂತು ಇಂಟರ್‌ವ್ಯೂ ತೆಗೆದುಕೊಂಡೆ. ಕೂಸುಗಳನ್ನು ನೋಡಿಕೊಂಡ ಎಕ್ಸ್‌ಪೀರಿಯನ್ಸ್ ಇದೆಯೇ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ನಾನೂ ಒಂದು ಸಲ ಕೂಸಾಗಿದ್ನಿ” ಅಂದಳು. ನೌಕರಿ ಕೊಟ್ಟುಬಿಟ್ಟೆ.

ಈಗ ನನ್ನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಅವಳ ಕಥೆ ತಿಳಿಯುವುದಿಲ್ಲ. ನಾನು ಅಕಿವಾಟದ ಜೈನ ರೈತ ಮನೆತನದವಳು. ಅಪ್ಪ ನನ್ನನ್ನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದ್ದ. ಅಲ್ಲಿ ಸಿಸ್ಟರುಗಳು ನನಗೆ ಪಿಯಾನೋ, ಕರ್ಸಿವ್ ರೈಟಿಂಗ್ ಮತ್ತು ತಪ್ಪು ಮಾಡಿದರೂ ಮುಖದ ಮೇಲೆ ತೋರಿಸಿಕೊಳ್ಳದಿರುವುದು, ಈ ಮೂರನ್ನೂ ಕಲಿಸಿದರು. ರಜೆಗೆ ಬಂದಾಗ ಅಪ್ಪ ಕಬ್ಬಿನ ಹೊಲದ ನಡುವಿನ ದಾರಿಯಲ್ಲಿ ಜೀಪು ಕಲಿಸಿದ. ಪಿಯಾನೋ ಮರೆತುಹೋಯಿತು. ಉಳಿದ ಮೂರೂ ಉಳಿದವು. ಮದುವೆಯಾಗಿ ಇಚಲಕರಂಜಿಗೆ ಬಂದಾಗ ನಮ್ಮ ಓಣಿಯಲ್ಲಿ ಮೊದಲು ಕಾರು ಹೊಡೆದ ಹೆಂಗಸು ನಾನೇ. ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ನಾನೂ ನೋಡಿಸಿಕೊಳ್ಳುತ್ತಿದ್ದೆ.

ಮಗನದು ನೂಲಿನ ವ್ಯಾಪಾರ, ಯಾವಾಗಲೂ ತಿರುಗಾಟ. ಸೊಸೆ ಅನಸ್ತೇಶಿಯಾದ ಡಾಕ್ಟರ್. ಆಪರೇಷನ್ನಿಗೆ ಮುಂಚೆ ಪೇಶಂಟಿಗೆ ನಿದ್ದೆ ಕೊಡುವವಳು. ಅವಳಿಗೊಂದು ಸ್ವಂತ ದವಾಖಾನೆ ಎಂದಿಲ್ಲ. ಇವತ್ತು ಕೊಲ್ಹಾಪುರ, ನಾಳೆ ಗಡಹಿಂಗ್ಲಜ, ಯಾವ ಸರ್ಜನ್ ಫೋನ್ ಮಾಡಿದರೆ ಅಲ್ಲಿಗೆ ಓಡಬೇಕು. ಹಾಗಾಗಿ ಮಕ್ಕಳನ್ನು ಕೊಲ್ಹಾಪುರ ರಸ್ತೆಯಲ್ಲಿದ್ದ ಶಾಲೆಗೆ ಬಿಡುವುದು, ತರುವುದು ನನ್ನ ಡ್ಯೂಟಿ. ಅಭಿ ಆಗ ಎಂಟು ವರ್ಷದವನು. ಅವನ ತಂಗಿ ಸನ್ಮತಿಗೆ, ನಮ್ಮ ಸನ್ಮುವಿಗೆ, ನಾಲ್ಕೂವರೆ. ಸನ್ಮುವಿಗೆ ಸ್ಕೂಲ್ ಬಸ್ಸು ಹತ್ತಿದರೆ ವಾಂತಿ. ಡ್ರೈವರ್ ಇಡೋಣ ಎಂದು ಮಗ ಹೇಳುತ್ತಿದ್ದ. ನಾನಿರುವಾಗ ಡ್ರೈವರ್ ಯಾಕೆ ಎಂದು ನಾನು ಹೇಳುತ್ತಿದ್ದೆ.

ಆ ಹೊತ್ತಿಗೆ ನನ್ನ ಎಡಗಣ್ಣಿನ ಅಂಚಿನಲ್ಲಿ ಏನೋ ಮುಸುಕು ಬಂದಿತ್ತು. ವಯಸ್ಸು ಎಂದುಕೊಂಡೆ. ನಿಜ ಹೇಳಬೇಕೆಂದರೆ ಹಾಗೆ ಅಂದುಕೊಂಡಿರಲಿಲ್ಲ, ಅಂದುಕೊಳ್ಳುವುದೇ ಬೇಡವೆಂದು ಬಿಟ್ಟಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಅಭಿ ಹಿಂದಿನ ಸೀಟಿನಲ್ಲಿ ಕೂತಿದ್ದ. ಸನ್ಮುವೂ ಅವನ ಪಕ್ಕ ಇದ್ದಾಳೆಂದು ನನ್ನ ಲೆಕ್ಕ. ಕಾರು ಅಂಗಳದಿಂದ ಹಿಂದಕ್ಕೆ ತೆಗೆದು ಗೇಟು ದಾಟಿಸಬೇಕು, ದಿನದ ಕೆಲಸ. ರಿವರ್ಸ್ ಹಾಕಿ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಏನೂ ಇರಲಿಲ್ಲ. ಕ್ಲಚ್ ಬಿಟ್ಟೆ. ಹಿಂದೆ ಡಿಕ್ಕಿಯ ಮೇಲೆ ದಬ್ ದಬ್ ಎಂದು ಎರಡು ಬಡಿತ ಬಿದ್ದವು. ಎಂಥ ಬಡಿತವೆಂದರೆ ಡಿಕ್ಕಿಯ ತಗಡು ತಗ್ಗಾದದ್ದು ಇವತ್ತಿಗೂ ಗೊತ್ತಾಗುತ್ತದೆ. ಬ್ರೇಕು ಒತ್ತಿ ಸಿಟ್ಟಿನಿಂದ ಕಿಟಕಿ ಇಳಿಸಿದೆ. ಬೈಯಬೇಕೆಂದು ಬಾಯಿ ತೆರೆದಿದ್ದೆ.

ಮಾವಶಿ ಹಿಂದಿನಿಂದ ಸುತ್ತಿ ನನ್ನ ಕಿಟಕಿಯ ಕಡೆ ಬಂದಳು. ಸೊಂಟದ ಮೇಲೆ ಸನ್ಮು, ಸನ್ಮುವಿನ ಕೈಯಲ್ಲಿ ಒಂದು ಕೆಂಪು ಕಾಂಡಿ. ಮಾವಶಿಯ ಹಳೆಯ ಶೆಡ್ಡಿನಿಂದ ಬಂದ ಕಾಂಡಿಗಳೇ ಅವಳ ಆಟಿಕೆ. ಅದು ಉರುಳಿ ಕಾರಿನ ಹಿಂದೆ ಹೋಗಿತ್ತು. ಕೂಸು ಅದನ್ನು ಎತ್ತಿಕೊಳ್ಳಲು ಇಳಿದು ಟಾಯರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿತ್ತು.

ಮಾವಶಿ ಕೂಗಲಿಲ್ಲ, ಅಳಲಿಲ್ಲ. “ಇಳೀರಿ ಅಕ್ಕಾರ” ಎಂದಳು. ಅಷ್ಟೇ. ನಾನು ಇಳಿದೆ. ಅವತ್ತು ಮಕ್ಕಳನ್ನು ಅವಳು ರಿಕ್ಷಾದಲ್ಲಿ ಶಾಲೆಗೆ ಕರೆದುಕೊಂಡು ಹೋದಳು. ಕಾರು ಅರ್ಧ ಗೇಟಿನಲ್ಲಿ, ಅರ್ಧ ಅಂಗಳದಲ್ಲಿ ಹಾಗೇ ನಿಂತಿತ್ತು.

ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಾಗ ನಾನು ಹೋಗಿ ಎದುರಿಗೆ ಕೂತೆ. ಬಹಳ ಹೊತ್ತು ಇಬ್ಬರೂ ಸುಲಿದೆವು.

“ನಿಮಗ ಎಡಗಡೆ ಕಾಣವಲ್ದು” ಎಂದಳು ಕಡೆಗೆ. “ವರ್ಷಾತು. ಚಾದ ಕಪ್ಪು ಎಡಕ್ಕ ಇಟ್ರ ನೀವು ಕೈಯಾಡಿಸಿ ಹುಡುಕತೀರಿ. ಅದಕ್ಕ ನಾ ಬಲಕ್ಕ ಇಡಾಕತ್ತೇನಿ.”

ನಾನು ನೋಡಿರಲಿಲ್ಲ. ಕಪ್ಪು ಬಲಕ್ಕೆ ಬಂದದ್ದನ್ನೂ ನೋಡಿರಲಿಲ್ಲ. ಮನೆಯಲ್ಲಿ ಹೇಳುತ್ತೀಯೇನು ಎಂದು ಕೇಳಿದೆ. ಎಪ್ಪತ್ತರ ಹತ್ತಿರ ಬಂದ ಹೆಂಗಸು, ಮನೆ ಕೆಲಸದವಳನ್ನು ಹೈಸ್ಕೂಲು ಹುಡುಗಿಯ ಹಾಗೆ ಕೇಳಿದೆ.

“ನಾ ಯಾಕ ಹೇಳ್ಲಿ. ಕೀಲಿಕೈ ನಿಮ್ಮದು. ಬಿಡೋದಿದ್ರ ನೀವ ಬಿಡ್ರಿ. ಆದ್ರ ನಾಳಿಂದ ನೀವು ಹೊಡಿಯೂ ಗಾಡ್ಯಾಗ ನಾ ಕೂಸುಗಳನ್ನ ಹತ್ತಸೂದಿಲ್ಲ.”

ನಮ್ಮ ಮನೆಯಲ್ಲಿ ಸಂಜೆಯ ಊಟ ಸೂರ್ಯ ಮುಳುಗುವ ಮುಂಚೆ. ಅವತ್ತು ಮಗನೂ ಊರಲ್ಲಿದ್ದ, ಸೊಸೆಯೂ ಬೇಗ ಬಂದಿದ್ದಳು. ಎಲ್ಲರೂ ಪಂಕ್ತಿಯಲ್ಲಿ ಕೂತಾಗ ನಾನು ಗಂಟಲು ಸರಿ ಮಾಡಿಕೊಂಡು, ನಾನೊಂದು ಡಿಸಿಷನ್ ತೆಗೆದುಕೊಂಡಿದ್ದೇನೆ ಎಂದೆ. ಈಗಿನ ಕಾಲದಲ್ಲಿ ಹೆಣ್ಣುಮಕ್ಕಳು ಸ್ವಾವಲಂಬಿಗಳಾಗಬೇಕು, ನಮ್ಮ ಮನೆಯಿಂದಲೇ ಅದು ಶುರುವಾಗಲಿ, ಮಾವಶಿಗೆ ಡ್ರೈವಿಂಗ್ ಕಲಿಸೋಣ, ಮಕ್ಕಳನ್ನು ಶಾಲೆಗೆ ಅವಳೇ ಬಿಡಲಿ ಎಂದು ಹೇಳಿದೆ. ನಾಲಿಗೆ ತಾನೇ ಹೇಳಿತು. ಆ ಕ್ಷಣದವರೆಗೆ ಅಂಥ ವಿಚಾರ ನನ್ನ ತಲೆಯಲ್ಲೇ ಇರಲಿಲ್ಲ. ರೊಟ್ಟಿ ಬಡಿಸುತ್ತಿದ್ದ ಮಾವಶಿ ಹಾಗೇ ನಿಂತಳು.

ಮಗ ನಕ್ಕ. ಅವಳು ಸೈಕಲ್ ಆದರೂ ಹೊಡೆದಿದ್ದಾಳೇನು ಎಂದು ಕೇಳಿದ. ಹೊಡೆದಿಲ್ಲ ಎಂದು ಮಾವಶಿಯೇ ಹೇಳಿದಳು. ಸೊಸೆ ನಗಲಿಲ್ಲ. ನನ್ನ ಮುಖ ನೋಡಿದಳು. ಪೇಶಂಟನ್ನು ನೋಡುವ ಹಾಗೆ, ಉಸಿರು ಎಣಿಸುತ್ತ. ನಾನು ಸಿಸ್ಟರುಗಳು ಕಲಿಸಿದ ಮುಖ ಇಟ್ಟುಕೊಂಡೆ.

“ಕಲೀಲಿ ಆಯಿ” ಎಂದಳು ಸೊಸೆ. “ಆದ್ರ ಮಕ್ಕಳನ್ನ ಕೊಡೂದು ಯಾವಾಗ ಅನ್ನೂದು ನಾ ಹೇಳ್ತೇನಿ.”

ಊಟವಾದ ಮೇಲೆ ಪಾತ್ರೆ ತೊಳೆಯುತ್ತ ಮಾವಶಿ ನನಗೆ ಮಾತ್ರ ಕೇಳುವಷ್ಟು ಅಂದಳು, “ಸುಳ್ಳ ಹೇಳೋರು ನೀವು, ಗಾಡಿ ಹೊಡಿಯಾಕಿ ನಾ. ಇದ್ಯಾವ ನ್ಯಾಯರಿ.”

ಹೀಗೆ ಶುರುವಾಯಿತು. ಪೇಟೆಯ ಡ್ರೈವಿಂಗ್ ಸ್ಕೂಲಿಗೆ ಹಾಕಿದೆವು. ಕಲಿಸುವವನು ಪಕ್ಕದ ಸೀಟಿನಲ್ಲಿ ಕೂತು ರೇಡಿಯೋ ಹಚ್ಚುತ್ತಿದ್ದ. ಅವಳು ಆರಿಸುತ್ತಿದ್ದಳು. ಮೂರನೆಯ ದಿನ ಅವನು ನನಗೆ ಬಂದು ಕಂಪ್ಲೇಂಟ್ ಹೇಳಿದ. ಕೇಳಿದರೆ ಅವಳ ಉತ್ತರ ಸರಳವಾಗಿತ್ತು. ಕಾಂಡಿ ತುಂಬುವ ಮಶೀನಿನ ಮುಂದೆ ಹದಿನೈದು ವರ್ಷ ಕೂತವಳು ಅವಳು. ನೂಲು ಹರಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಮಶೀನಿನ ದನಿ ಬದಲಾಗುತ್ತದೆ. ಇಂಜಿನ್ನೂ ಹಾಗೆಯೇ, ಗೇರು ಬೇಡಿದಾಗ ಬೇರೆ ದನಿ ಮಾಡುತ್ತದೆ, ಆ ದನಿ ಕೇಳಬೇಕಾದರೆ ನಡುವೆ ಮತ್ತೊಬ್ಬರು ಹಾಡಬಾರದು. ಆಮೇಲೆ ಹದಿನಾಲ್ಕು ವರ್ಷ ನಮ್ಮ ಕಾರಿನಲ್ಲಿ ಹಾಡು ಹಚ್ಚಲಿಲ್ಲ. ಮಕ್ಕಳು ಜಗಳ ಶುರು ಮಾಡಿದರೆ “ಗಾಡಿ ಮಾತಾಡಾಕತ್ತೇತಿ, ಸುಮ್ಮನಿರ್ರಿ” ಎನ್ನುತ್ತಿದ್ದಳು. ಅವರು ಸುಮ್ಮನಾಗುತ್ತಿದ್ದರು. ನನ್ನ ಕಾರಿನಲ್ಲಿ ಎಂದೂ ಸುಮ್ಮನಿದ್ದವರಲ್ಲ.

ಸಂಜೆ ಕೊರೋಚಿಯ ಆಚೆಯ ಖಾಲಿ ಮೈದಾನದಲ್ಲಿ ನಾನೂ ಪ್ರಾಕ್ಟೀಸ್ ಮಾಡಿಸುತ್ತಿದ್ದೆ. ಪಕ್ಕದಲ್ಲಿ ಕೂತು ಮಿರರ್, ಸಿಗ್ನಲ್ ಎಂದು ಹೇಳಿಕೊಡುತ್ತಿದ್ದೆ. ಅವಳು ಕನ್ನಡಿ ನೋಡುತ್ತಿದ್ದಳು, ಆದರೆ ನಂಬುತ್ತಿರಲಿಲ್ಲ. ರಿವರ್ಸ್ ಹಾಕುವ ಮೊದಲು ಪ್ರತಿ ಸಲ ಇಳಿದು ಕಾರಿನ ಹಿಂದೆ ಹೋಗಿ ನೋಡಿ ಬಂದು ಕೂರುತ್ತಿದ್ದಳು. ಮೈದಾನದಲ್ಲಿ ನಾವಿಬ್ಬರೇ ಇದ್ದೆವು, ಒಂದು ಕತ್ತೆಯೂ ಇರಲಿಲ್ಲ. ಕನ್ನಡಿ ಇರುವುದು ಯಾಕೆ ಮತ್ತೆ ಎಂದು ನಾನು ಒಂದು ದಿನ ರೇಗಿದೆ. “ಕನ್ನಡಿ ಅವತ್ತೂ ಇತ್ತಲ್ರಿ” ಎಂದಳು. ಮತ್ತೆ ಆ ಮಾತು ತೆಗೆಯಲಿಲ್ಲ, ನಾನೂ ರೇಗಲಿಲ್ಲ.

ಕೊಲ್ಹಾಪುರದಲ್ಲಿ ಟೆಸ್ಟಿಗೆ ಹೋದಾಗ ಮೊದಲ ಸಲ ಫೇಲಾದಳು. ಸರದಿಯಲ್ಲಿದ್ದವರ ಹಾರ್ನಿನ ಗದ್ದಲದಲ್ಲಿ ಇಂಜಿನ್ನಿನ ದನಿ ಕೇಳದೆ ಗಾಡಿ ಬಂದ್ ಬಿದ್ದಿತ್ತು. ಬರುವಾಗ ದಾರಿಯಲ್ಲಿ ನಾನು, ಹೋಗಲಿ ಬಿಡು, ಡ್ರೈವರ್ ಇಡೋಣ ಎಂದೆ. ಅವಳು ತಿರುಗಿ ನೋಡಿ, ಹಾಗಾದರೆ ಮನೆಯಲ್ಲಿ ಕಾರಣ ಹೇಳಬೇಕಾಗುತ್ತದಲ್ಲ, ಹೇಳುತ್ತೀರೇನು ಎಂದು ಕೇಳಿದಳು. ನಾನು ಕಿಟಕಿಯ ಆಚೆ ನೋಡಿದೆ. ಒಂದು ತಿಂಗಳಾದ ಮೇಲೆ ಮತ್ತೆ ಹೋದೆವು. ಆಗಲೂ ಇಳಿದು ಹಿಂದೆ ನೋಡಿಯೇ ಹತ್ತಿದಳಂತೆ. ಏನು ನೋಡುತ್ತೀರಿ ತಾಯಿ ಎಂದು ಇನ್ಸ್‌ಪೆಕ್ಟರ್ ಮರಾಠಿಯಲ್ಲಿ ಕೇಳಿದರಂತೆ. ಹಿಂದೆ ಕೂಸು ಇರುತ್ತದೆ ಎಂದು ಇವಳೂ ಮರಾಠಿಯಲ್ಲೇ ಹೇಳಿದಳಂತೆ. ಪಾಸಾದಳು.

ಆದರೆ ಲೈಸೆನ್ಸ್ ಬಂದರೇನು, ಮಕ್ಕಳನ್ನು ಕೊಡುವ ಮಾತು ಸೊಸೆಯ ಕೈಯಲ್ಲಿತ್ತು. ಅಲ್ಲಿಯವರೆಗೆ ರಿಕ್ಷಾ ನಡೆದಿತ್ತು, ನನ್ನ ಮೊಣಕಾಲು ನೋವು ಎಂಬ ಹೊಸ ಸುಳ್ಳೂ ನಡೆದಿತ್ತು. ಸೊಸೆ ಇಂಗ್ಲಿಷಿನಲ್ಲಿ ಒಂದು ಪುಟ ರೂಲ್ಸ್ ಟೈಪ್ ಮಾಡಿದಳು. ಬೆಲ್ಟ್, ಸ್ಪೀಡ್, ಫೋನ್, ದಾರಿಯಲ್ಲಿ ಯಾರನ್ನೂ ಹತ್ತಿಸಿಕೊಳ್ಳಬಾರದು. ನಾನು ಅದನ್ನು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟೆ, ಮಾವಶಿಗೆ ಬರುವುದು ಅದೇ. ನಾಲ್ಕನೆಯ ತರಗತಿಯ ಓದು, ಬೆರಳು ಇಟ್ಟು ಪೂರಾ ಓದಿದಳು. ಕಡೆಗೆ ಹಾಳೆ ತಿರುಗಿಸಿ ನೋಡಿದಳು. ಹಿಂದೆ ನೋಡುವುದು ಇದರಲ್ಲಿ ಇಲ್ಲವಲ್ಲ ಎಂದಳು. ಸೊಸೆಗೆ ಅರ್ಥವಾಗಲಿಲ್ಲ. ನಾನು ಚಹಾ ಮಾಡುತ್ತೇನೆ ಎಂದು ಎದ್ದೆ.

ಆಮೇಲೆ ಸೊಸೆ ತನ್ನದೇ ಒಂದು ಪರೀಕ್ಷೆ ಇಟ್ಟಳು. ಗಡಹಿಂಗ್ಲಜದಲ್ಲಿ ಒಂದು ದಿನ ಬೆಳಿಗ್ಗೆಯಿಂದ ಆಪರೇಷನ್ನುಗಳಿದ್ದವು. ಮಾವಶಿ, ನೀ ನನ್ನನ್ನು ಅಲ್ಲಿಗೆ ಮುಟ್ಟಿಸಿ ಕರೆದುಕೊಂಡು ಬಾ ಎಂದಳು. ನಿಪ್ಪಾಣಿ, ಸಂಕೇಶ್ವರ ದಾಟಿ, ನಡುವೆ ಹೈವೇ ಹಿಡಿದು, ಹೋಗಿ ಬರಲು ಒಂದು ದಿನವೇ ಬೇಕು. ಅವರು ಹೋದ ಮೇಲೆ ನಾನು ಬಸದಿಗೆ ಹೋಗಿ ಕೂತೆ. ಏನು ಬೇಡಿಕೊಂಡೆ ಎಂದು ಕೇಳಬೇಡಿ. ಅವಳು ಪಾಸಾಗಲಿ ಎಂದು ಬೇಡಿಕೊಂಡಂತೆ ನನಗೆ ನೆನಪಿದೆ, ಆದರೆ ನನ್ನ ಗುಟ್ಟು ಉಳಿಯಲಿ ಎಂದು ಬೇಡಿಕೊಂಡಿರುವುದೇ ಹೆಚ್ಚು ನಿಜವಿರಬೇಕು.

ಬಿಸಿಲು ಇನ್ನೂ ಇರುವಾಗಲೇ ಕಾರು ಬಂತು. ಗೇಟಿನಲ್ಲಿ ನಿಂತಿದ್ದ ನನಗೆ ಮಾವಶಿ ಸ್ಟೀರಿಂಗಿನ ಮೇಲಿಂದಲೇ ತುಟಿಗೆ ಬೆರಳಿಟ್ಟು ತೋರಿಸಿದಳು. ಪಕ್ಕದ ಸೀಟಿನಲ್ಲಿ ಸೊಸೆ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಸಂಕೇಶ್ವರದಲ್ಲಿ ಮಲಗಿದ್ದು, ಎದ್ದೇ ಇಲ್ಲವಂತೆ. ಜಿಲ್ಲೆಗೆಲ್ಲ ನಿದ್ದೆ ಕೊಡುವ ಡಾಕ್ಟರಿಗೆ ಮಾವಶಿ ನಿದ್ದೆ ಕೊಟ್ಟಿದ್ದಳು. ಸೊಸೆ ಎಚ್ಚರಾಗಿ, ಸೆರಗು ಸರಿ ಮಾಡಿಕೊಂಡು, ನಾಚಿಕೆಯಿಂದ ಹೇಳಿದ್ದು ಒಂದೇ ಮಾತು, “ನಾಳಿಂದ ಮಕ್ಕಳನ್ನ ಒಯ್ಯಿ.” ನನಗೆ ಆ ರಾತ್ರಿ ತಿಂಗಳುಗಳ ನಂತರ ನಿದ್ದೆ ಬಂತು. ಎದೆಯ ಮೇಲಿಂದ ಯಾರೋ ರುಬ್ಬುವ ಕಲ್ಲು ಎತ್ತಿ ಬದಿಗಿಟ್ಟ ಹಾಗೆ.

ಶಾಲೆಯ ಪ್ರಿನ್ಸಿಪಾಲರಿಗೆ ನಾನೇ ಕರ್ಸಿವ್‌ನಲ್ಲಿ ಪತ್ರ ಬರೆದೆ, ಇಂದಿನಿಂದ ಮಕ್ಕಳನ್ನು ಈಕೆಯ ಜೊತೆ ಕಳಿಸಬೇಕು ಎಂದು. ಕೀಲಿಕೈ ಮಾವಶಿಯ ಅಂಗೈಯಲ್ಲಿ ಇಟ್ಟೆ. ಅವಳು ಅದನ್ನು ಹಣೆಗೆ ಮುಟ್ಟಿಸಿಕೊಂಡು ಅಂಗಳಕ್ಕೆ ಹೋದಳು. ಮೊಳೆಗೆ ತೂಗುಹಾಕಿದ್ದ ಹುಲ್ಲಿನ ಕಸಬರಿಗೆ ತೆಗೆದುಕೊಂಡಳು. ಕಾರಿನ ಹಿಂದೆ ಬಾಗಿ, ಟಾಯರಿನಿಂದ ಟಾಯರಿಗೆ ನೆಲ ಗುಡಿಸಿದಳು, ತಲೆ ಬಗ್ಗಿಸಿ ಅಡಿಯಲ್ಲಿ ನೋಡಿದಳು. ಆಮೇಲೆ ಡಿಕ್ಕಿಗೆ ಎರಡು ಸಲ ಬಡಿದಳು. ಎಲ್ಲ ಸಾಫಿದೆ ಎಂದು ಅದರ ಅರ್ಥ, ಮಕ್ಕಳು ಒಳಗೇ ಕೂತಿರಬೇಕು, ಇಳಿಯಬಾರದು ಎಂದೂ ಅರ್ಥ. ಮಕ್ಕಳಿಗೆ ಅದು ಆಟವಾಯಿತು. ಒಳಗಿನಿಂದ ಅವರೂ ಎರಡು ಸಲ ಸೀಟಿಗೆ ಬಡಿಯುತ್ತಿದ್ದರು. ದಿನವೂ ಆ ಸದ್ದಿಗೆ ಮನೆಯೊಳಗೆ ಕೂತ ನಾನು ಬೆಚ್ಚಿಬೀಳುತ್ತಿದ್ದೆ. ಕೈಯಲ್ಲಿ ಚಹಾ ಇದ್ದರೆ ತುಳುಕುತ್ತಿತ್ತು.

ಈಗ ಬರುವುದು ನಾನು ಬರೆಯಲು ಸಂಕೋಚ ಪಡುವ ಭಾಗ. ನಮ್ಮ ಎದುರು ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮ, ಒಂದು ವಾರ ಇದನ್ನು ನೋಡಿದರು. ನಮ್ಮ ಮುನಿಗಳು ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲ ಸವರುತ್ತಾರಲ್ಲ, ಇರುವೆಯಂಥ ಜೀವಕ್ಕೂ ನೋವಾಗಬಾರದೆಂದು. ಕಾಕು ಇದನ್ನು ಅದೇ ಎಂದು ತಿಳಿದರು. ಬಸದಿಯಲ್ಲಿ ಹತ್ತು ಜನರ ಮುಂದೆ ಹೇಳಿದರು, ಅವರ ಮನೆಯಲ್ಲಿ ಗಾಡಿ ಹೊಡೆಯುವವಳು ಲಿಂಗಾಯತಳು, ಆದರೂ ಇರುವೆ ಗುಡಿಸಿಯೇ ಗಾಡಿ ತೆಗೆಯುತ್ತಾಳೆ, ಮನೆಯ ಸಂಸ್ಕಾರ ನೋಡಿ ಎಂದು. ಚಾತುರ್ಮಾಸದ ಪ್ರವಚನದಲ್ಲೂ ಹೆಸರಿಲ್ಲದೆ ನಮ್ಮ ಮನೆಯ ಉದಾಹರಣೆ ಬಂತು. ನಾನು ಕೈಮುಗಿದು ತಲೆ ಬಗ್ಗಿಸಿ ಕೂತೆ. ನೋಡಿದವರಿಗೆ ಅದು ವಿನಯ.

ಮಹಿಳಾ ಮಂಡಳದವರೂ ಬಿಡಲಿಲ್ಲ. ಕೆಲಸದವಳಿಗೆ ಡ್ರೈವಿಂಗ್ ಕಲಿಸಿ ಸ್ವಂತ ಕಾರಿನ ಕೀಲಿಕೈ ಕೊಟ್ಟ ಪ್ರೋಗ್ರೆಸಿವ್ ಅಜ್ಜಿ ಎಂದು ನನಗೆ ಶಾಲು ಹೊದಿಸಿದರು. ಇಂಗ್ಲಿಷ್, ಮರಾಠಿ, ಕನ್ನಡ ಮೂರೂ ಬೆರೆಸಿ ಭಾಷಣ ಮಾಡಿದೆ. ಮಾವಶಿ ಕಡೆಯ ಸಾಲಿನಲ್ಲಿ ಕೂತು ಎಲ್ಲ ಕೇಳಿದಳು. ಮನೆಗೆ ಬರುವಾಗ, “ಶಾಲು ಛಲೋ ಐತಿ ಅಕ್ಕಾರ” ಎಂದಳು. “ಬ್ಯಾಸಗ್ಯಾಗ ಸೀಟು ಭಾಳ ಸುಡತೈತಿ. ಹಾಸಾಕ ಆಗತೈತಿ.” ಮರುದಿನದಿಂದ ಶಾಲು ಡ್ರೈವರ್ ಸೀಟಿನ ಮೇಲೆ ಇತ್ತು. ಅಲ್ಲಿಯೇ ಹರಿಯಿತು.

ಅವಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗಾಡಿ ಹೊಡೆಯುತ್ತಿದ್ದಳು. ಓವರ್‌ಟೇಕ್ ಮಾಡಿದವರಿಗೆ “ಹೋಗಪಾ, ನಿನ್ನ ಮದವಿ ಐತಿ ಇವತ್ತ” ಎನ್ನುತ್ತಿದ್ದಳು. ಅದನ್ನು ಸನ್ಮು ಶಾಲೆಯಲ್ಲಿ ಟೀಚರಿಗೆ ಹೇಳಿ ಮನೆಗೆ ಒಂದು ದೂರಿನ ಚೀಟಿ ತಂದಿದ್ದಳು.

ಒಂದು ಚಳಿಗಾಲ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ರಸ್ತೆ ಬಂದಾಗಿತ್ತು. ನಾನು ಮನೆಯಲ್ಲಿ ತಾಟು ಹಾಕಿಕೊಂಡು ಕೂತಿದ್ದೆ. ಸೂರ್ಯ ಇಳಿಯುತ್ತಿದ್ದ, ಮಕ್ಕಳು ಬಂದಿರಲಿಲ್ಲ. ಅವರು ಬಾರದೆ ನನಗೆ ತುತ್ತು ಇಳಿಯಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾರು ಬಂದಾಗ ನೋಡಿದರೆ ಮಕ್ಕಳ ಹೊಟ್ಟೆ ತುಂಬಿತ್ತು. ಅವಳು ಮುಂಜಾನೆಯೇ ಎರಡು ಹೆಚ್ಚಿನ ಡಬ್ಬಿ ಕಟ್ಟಿಕೊಂಡಿದ್ದಳು, ಟ್ರ್ಯಾಕ್ಟರು ಕದಲುವುದಿಲ್ಲ ಎಂದು ಗೊತ್ತಾದ ಕೂಡಲೇ ಬದುವಿನ ಮೇಲೆ ಕೂರಿಸಿ ಬಿಸಿಲಿರುವಾಗಲೇ ಉಣಿಸಿದ್ದಳು. ಅಜ್ಜಿಯ ನೇಮ ಮುರಿಯಬಾರದೆಂದು ಅಭಿಗೆ ಹೇಳಿದಳಂತೆ. ಸೂರ್ಯ ಮುಳುಗಿದ ಮೇಲೆ ಉಣ್ಣುವಂತಿಲ್ಲ, ನಾನು ಆ ದಿನ ಉಪವಾಸ ಮಲಗಿದೆ. ಸಂತೋಷದ ಉಪವಾಸ ಎಂದರೆ ಅದು.

ನನ್ನ ಕಣ್ಣಿನ ವಿಷಯವೂ ಅವಳೇ ಮುಗಿಸಿದಳು. ಕೀಲಿಕೈ ಬಿಟ್ಟ ಮೂರನೆಯ ತಿಂಗಳು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು, ಗಾಡಿ ಹತ್ತಿ ಎಂದಳು. ಎಲ್ಲಿಗೆಂದು ಹೇಳಲಿಲ್ಲ. ಕೊಲ್ಹಾಪುರದ ಕಣ್ಣಿನ ದವಾಖಾನೆಯ ಮುಂದೆ ನಿಲ್ಲಿಸಿದಳು. ಕಾಚಬಿಂದು ಎಂದರು ಡಾಕ್ಟರು. ಕಣ್ಣಿನೊಳಗಿನ ಒತ್ತಡ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಹನಿ ಹಾಕಿಕೊಂಡು ಉಳಿಸಿಕೊಳ್ಳಬೇಕು. ಹನಿ ಹಾಕುವವಳೂ ಅವಳೇ ಆದಳು. ಈ ಸಾಲುಗಳನ್ನು ನಾನು ಬರೆಯುತ್ತಿರುವುದು ಆ ಉಳಿದದ್ದರಿಂದ. ಕಣ್ಣಿನ ಸುದ್ದಿ ಮನೆಯಲ್ಲಿ ಹೇಳಿದೆ. ಆ ಸೋಮವಾರದ ಸುದ್ದಿ ಹೇಳಲಿಲ್ಲ. ಎರಡನ್ನೂ ಯಾರೂ ಕೂಡಿಸಿ ನೋಡಲಿಲ್ಲ ಎಂದುಕೊಂಡೆ.

ವರ್ಷಗಳು ಹೋದವು. ಅಭಿ ಪುಣೆಯಲ್ಲಿ ಕಾಲೇಜಿಗಿದ್ದಾನೆ. ಸನ್ಮುವಿಗೆ ಹದಿನೆಂಟು ತುಂಬಿತು. ಮಾವಶಿಯೇ ಅದೇ ಕೊರೋಚಿಯ ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸಿದಳು. ಲೈಸೆನ್ಸ್ ಬಂದ ವಾರವೇ, ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಇನ್ನು ನಾ ಹೊರಡುತ್ತೇನೆ ಎಂದಳು. ಹೊರಡುವ ದಿನ ಸನ್ಮು ಕೈ ಚಾಚಿ ನಿಂತಿದ್ದಳು, ಆದರೆ ಮಾವಶಿ ಅವಳನ್ನು ದಾಟಿ ನನ್ನ ಹತ್ತಿರ ಬಂದಳು. ಕೀಲಿಕೈ ನನ್ನ ಬಲಗೈಯಲ್ಲಿ ಇಟ್ಟಳು.

“ನಿಮ್ಮ ಕಡಿಂದ ತಗೊಂಡಿದ್ನಿ, ನಿಮಗ ಕೊಡ್ತೇನಿ. ಮುಂದಿಂದು ನೀವ ನೋಡ್ಕೊರ್ರಿ.”

ಬಸ್ಸು ಹತ್ತಿ ಹೋದಳು. ನನಗೆ ಅರ್ಥವಾಗಿತ್ತು. ಈ ಕೀಲಿಕೈಯನ್ನು ಸನ್ಮುವಿಗೆ ಕೊಡುವವಳು ನಾನು. ಆ ಬೆಳಿಗ್ಗೆ ನಾನು ಏನು ಮಾಡುವವಳಿದ್ದೆ ಎಂದು ಅವಳಿಗೆ ಹೇಳದೆ ಹೇಗೆ ಕೊಡಲಿ? ಎರಡು ವಾರ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗಿದೆ. ಕಾರು ಧೂಳು ತಿಂದಿತು. ಸನ್ಮು ಕೇಳಲಿಲ್ಲ, ಅವಳ ಅಮ್ಮ ಕೇಳಿದಳು, ನಾನು ಏನೋ ಹೇಳಿ ಜಾರಿಕೊಂಡೆ. ಹೇಳಿದ ಮೇಲೆ ಈ ಹುಡುಗಿ ನನ್ನ ಪಕ್ಕ ಕೂತು ಊಟ ಮಾಡುತ್ತಾಳೋ ಇಲ್ಲವೋ ಎಂಬ ಒಂದೇ ಭಯ.

ಕಳೆದ ಭಾನುವಾರ ಅವಳನ್ನು ಕೋಣೆಗೆ ಕರೆದು ಕೂರಿಸಿ, ಬಾಗಿಲು ಹಾಕಿ, ಹೇಳಿದೆ. ರಿವರ್ಸ್, ಕನ್ನಡಿ, ಎಡಗಣ್ಣು, ಕೆಂಪು ಕಾಂಡಿ. ಶಾಲು ಹೊದಿಸಿಕೊಂಡದ್ದು, ಪ್ರವಚನದಲ್ಲಿ ತಲೆ ಬಗ್ಗಿಸಿದ್ದು. ಏನೂ ಬಿಡಲಿಲ್ಲ. ಸಿಸ್ಟರುಗಳ ಮುಖ ಅವತ್ತು ಕೆಲಸಕ್ಕೆ ಬರಲಿಲ್ಲ.

ಸನ್ಮು ಕೇಳಿ ಮುಗಿಸಿ, ಸ್ವಲ್ಪ ಆಶ್ಚರ್ಯದಿಂದ ನನ್ನನ್ನು ನೋಡಿದಳು.

“ಅಜ್ಜಿ, ನಾ ಅಲ್ಲೇ ಇದ್ನಲ್ಲ.”

ಹೌದಲ್ಲ. ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ. ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುವ ಗುಟ್ಟು ಎಂದುಕೊಂಡಿದ್ದೆ. ಅದರ ಒಳಗೇ ಕೂತಿದ್ದ ಮೂರನೆಯವಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವಳಿಗೆ ನೆನಪಿದ್ದದ್ದು ಮುಖದ ಹತ್ತಿರ ಬೆಳಗಿದ ಕೆಂಪು ಲೈಟು, ಮಾವಶಿಯ ಬಡಿತ, ಆಮೇಲೆ ರಿಕ್ಷಾದಲ್ಲಿ ಮಾವಶಿಯ ತೊಡೆ. ಅಲ್ಲಿ ಮಾವಶಿ ಅವಳಿಗೂ ಅಭಿಗೂ ಹೇಳಿದ್ದಳಂತೆ, “ಅಜ್ಜಿ ಭಾಳ ಅಂಜ್ಯಾಳ. ಆಕಿ ತಾನ ಹೇಳೂತನಕ ಕೇಳಬ್ಯಾಡ್ರಿ.” ಅವರು ಕೇಳಲಿಲ್ಲ. ಹದಿನಾಲ್ಕು ವರ್ಷ, ಇಬ್ಬರೂ.

“ಸಿಟ್ಟು ಬಂದಿಲ್ಲೇನು ನಿನಗ?” ಎಂದೆ.

“ಯಾಕ? ಗಾಡಿ ನಿಂತಿತ್ತಲ್ಲ.” ಕೈ ಚಾಚಿದಳು. “ಕೊಡು ಕೀಲಿಕೈ. ನಿನ್ನ ಹನಿ ಮುಗದಾವ, ಕೊಲ್ಹಾಪುರಕ್ಕ ಹೋಗಿ ತರೂಣು. ನೀನೂ ಬಾ.”

ಕೊಟ್ಟೆ. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡೆ. ಸನ್ಮು ಒಳಗೆ ಬರಲಿಲ್ಲ. ಮೊಳೆಯ ಮೇಲಿನ ಕಸಬರಿಗೆ ತೆಗೆದ ಸದ್ದಾಯಿತು. ಆಮೇಲೆ ಹಿಂದಿನಿಂದ ನೆಲ ಗುಡಿಸುವ ಸದ್ದು, ಒಂದು ಟಾಯರಿನಿಂದ ಇನ್ನೊಂದಕ್ಕೆ. ಎದುರು ಮನೆಯ ಕಾಕು ಈಗ ಬಹಳ ಮುದುಕಿ, ಕಟ್ಟೆಯ ಮೇಲೆ ಕೂತು ನೋಡಿ ಕೈಮುಗಿದರು. ನಾನೂ ಮುಗಿದೆ. ಈ ಸಲ ಅದು ಮಹಾಗಾಂವದಲ್ಲಿದ್ದವಳಿಗೆ ಎಂದು ನನಗೆ ಗೊತ್ತಿತ್ತು.

ಡಿಕ್ಕಿಯ ಮೇಲೆ ಎರಡು ಬಡಿತ ಬಿದ್ದವು. ನಾನು ಬೆಚ್ಚಲಿಲ್ಲ. ಕೈ ಹಿಂದೆ ಮಾಡಿ ಸೀಟಿಗೆ ಎರಡು ಸಲ ಬಡಿದೆ.